ಮಿಕ್ಸಿಯ ಕಾಲು, ಕಾರಿನ ಎಂಜಿನ್ನು

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ. ಅಜ್ಜಿ ತಾತಂದಿರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಡುವೆ ಎತ್ತಿನ ಗಾಡಿಯ ಮಾತು ಬರುತ್ತದೆ, ಆಗ ಅವರ ನೆರವು ಬೇಕು.

ಕಳೆದ ಬೇಸಿಗೆ ರಜೆಯಲ್ಲಿ ನಾವು ಮನೆಮಂದಿ ಐದು ಜನ ನಮ್ಮ ಹಳೆಯ ಸಣ್ಣ ಕಾರಿನಲ್ಲಿ ಚಾಮರಾಜನಗರದಿಂದ ಬಣ್ಣಾರಿ ಅಮ್ಮನ ದರ್ಶನಕ್ಕೆ ಹೊರಟೆವು. ಪುಣಜನೂರು, ಹಾಸನೂರು ದಾಟಿದರೆ ದಿಂಬಂ. ಅಲ್ಲಿಂದ ಕೆಳಕ್ಕೆ 27 ಹೇರ್‌ಪಿನ್ ತಿರುವುಗಳ ಘಾಟಿ. ಇಳಿಯುವಾಗ ಏನೂ ತೊಂದರೆಯಾಗಲಿಲ್ಲ. ಪೇಚಾಟವೆಲ್ಲ ವಾಪಸು ಹತ್ತುವಾಗ.

ಒಂದು ತಿರುವಿನಲ್ಲಿ ಮುಂದಿದ್ದ ಲಾರಿ ನಿಂತಿತು, ನಾನೂ ನಿಂತೆ. ಲಾರಿ ಹೊರಟ ಮೇಲೆ ಮೊದಲ ಗೇರು ಹಾಕಿ ಕ್ಲಚ್ಚು ಬಿಟ್ಟೆ. ಕಾರು ಮುಂದೆ ಹೋಗುವ ಬದಲು ಅದರ ಮೂತಿ ‘ದಡ್ ದಡ್ ದಡ್’ ಎಂದು ಕುಣಿಯತೊಡಗಿತು. ಶಕ್ತಿ ಸಾಲದೇನೋ ಎಂದುಕೊಂಡು ಆಕ್ಸಿಲರೇಟರ್ ಇನ್ನಷ್ಟು ಒತ್ತಿದೆ. ಕುಣಿತ ಇನ್ನೂ ಹೆಚ್ಚಿತು, ರಬ್ಬರು ಸುಟ್ಟ ವಾಸನೆ ಬಂತು, ಕಾರು ಒಂದಡಿ ಹಿಂದಕ್ಕೆ ಜಾರಿತು. ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಆನೆ, ಚಿರತೆ ಓಡಾಡುವ ಕಾಡು. ಇಳಿದು ತಳ್ಳೋಣವೆಂದರೆ ಅದೂ ಭಯ.

“ತಾತ, ಹಿಂದಕ್ಕೆ ಬಿದ್ದೋಗ್ತೀವಾ?” ಎಂದಳು ಮೊಮ್ಮಗಳು. ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ.

“ರೀ, ಒತ್ತಬೇಡಿ. ಹ್ಯಾಂಡ್ ಬ್ರೇಕ್ ಹಾಕಿ, ಒಂದು ನಿಮಿಷ ಸುಮ್ಮನಿರಿ” ಎಂದಳು ನನ್ನ ಹೆಂಡತಿ. ಹಾಗೇ ಮಾಡಿದೆ. ಉಸಿರು ಬಿಟ್ಟು, ಆಕ್ಸಿಲರೇಟರ್ ಹಗುರವಾಗಿ ಒತ್ತಿ, ಕ್ಲಚ್ಚನ್ನು ಮೆಲ್ಲಗೆ ಬಿಟ್ಟೆ. ಕಾರು ಮುಂದೆ ಸರಿಯಿತು. ಘಾಟಿ ಹತ್ತಿ ಮುಗಿಯುವವರೆಗೆ ಯಾರೂ ಮಾತಾಡಲಿಲ್ಲ.

ಹಾಸನೂರಿನಲ್ಲಿ ಟೀ ಕುಡಿಯುವಾಗ ಅವಳೇ ಬಾಯಿಬಿಟ್ಟಳು: “ನಮ್ಮ ಮಿಕ್ಸಿ ಕಾಲಿನ ರಬ್ಬರು ಬಿದ್ದೋಗಿದ್ದಾಗ ಹಿಂಗೇ ಕುಣೀತಿತ್ತು ಕಣ್ರೀ.” ನಾನು ನಕ್ಕುಬಿಟ್ಟೆ.

ಮರುದಿನ ಮೊಮ್ಮಗಳನ್ನೂ ಕರೆದುಕೊಂಡು ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಬಾನೆಟ್ ಎತ್ತಿದ. “ಕೂಸೇ, ಕಾರ್ ಮುಂದ್ಗಡೆ ನಿಲ್ಬೇಡ, ಪಕ್ಕಕ್ ಬಾ” ಎಂದು ಅವಳನ್ನು ದೂರ ನಿಲ್ಲಿಸಿದ. ಅವನ ಹುಡುಗ ಬ್ರೇಕು ಬಿಗಿಹಿಡಿದು, ಗೇರು ಹಾಕಿ, ಕ್ಲಚ್ಚನ್ನು ತುಸುವೇ ಬಿಟ್ಟ. ಎಂಜಿನ್ನು ನಿದ್ದೆಯಿಂದ ಎದ್ದವರಂತೆ ಮುಂಭಾಗ ಎತ್ತಿ ಹಿಂದಕ್ಕೆ ವಾಲಿತು! ಕ್ಲಚ್ಚು ಒತ್ತಿದೊಡನೆ ‘ಟಕ್’ ಎಂದು ಕೂತಿತು.

“ಮೌಂಟಿಂಗ್ ಹೋಗ್ಬುಟ್ಟದೆ ಸಾ. ಈ ಟಕ್ ಅನ್ನೋ ಸದ್ದು ಎಷ್ಟು ದಿನದಿಂದ ಬತ್ತಿತ್ತು?” ಎಂದ.

ಮೂರು ತಿಂಗಳಿಂದ ಬರುತ್ತಿತ್ತು. ನಾನು ರೇಡಿಯೋ ಜೋರು ಮಾಡಿಕೊಂಡು ಓಡಿಸುತ್ತಿದ್ದೆ. ತಪ್ಪು ಅಂದೆನಲ್ಲ, ಅದು ಇದೇ.

ಈಗ ಎಂಜಿನ್ನು ಏಕೆ ವಾಲುತ್ತದೆ ನೋಡೋಣ. ನೀವು ಗೋಡೆಯನ್ನು ತಳ್ಳಿದರೆ ಗೋಡೆ ನಿಮ್ಮನ್ನು ಅಷ್ಟೇ ಬಲದಿಂದ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಎಂಜಿನ್ನು ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ತಾನು ಹಿಂದಕ್ಕೆ ತಿರುಗಲು ನೋಡುತ್ತದೆ. ಮೊದಲ ಗೇರಿನಲ್ಲಿ ಚಕ್ರ ಒಂದು ಸುತ್ತು ಬರಲು ಎಂಜಿನ್ನು ಸುಮಾರು 10–15 ಸುತ್ತು ತಿರುಗುತ್ತದೆ. ಆದ್ದರಿಂದ ಆ ಗೇರಿನಲ್ಲಿ ತಿರುಚುವ ಬಲವೂ ಹೆಚ್ಚು. ಎಂಜಿನ್ನನ್ನು ಮೂರು ನಾಲ್ಕು ಕಡೆ ಹಿಡಿದಿರುವ ರಬ್ಬರಿನ ತುಂಡುಗಳೇ ಮೌಂಟಿಂಗ್. ನಮ್ಮ ಕಾರಿನಲ್ಲಿ ಎರಡು ಹರಿದಿದ್ದವು. ಹಾಗಾಗಿ ಎಂಜಿನ್ನು ತೂಗಾಡಿ, ಚಕ್ರಕ್ಕೆ ಬಲ ಒಂದೇ ಸಮ ಸಿಗದೆ ಜಗ್ಗಿ ಜಗ್ಗಿ ಸಿಗುತ್ತಿತ್ತು.

ಚಕ್ರ ಕುಣಿದದ್ದೇಕೆ? ತರಗತಿಯಲ್ಲಿ ಬೆಂಚನ್ನು ನೆಲದ ಮೇಲೆ ಎಳೆದು ನೋಡಿದ್ದೀರಾ? ಅದು ಸರಾಗ ಜಾರುವುದಿಲ್ಲ. ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ, ‘ದರ್ರ್’ ಎನ್ನುತ್ತದೆ. ಟೈರೂ ಹಾಗೆಯೇ. ರಸ್ತೆಯನ್ನು ಹಿಡಿದಾಗ ಸ್ಪ್ರಿಂಗಿನಂತೆ ತಿರುಚಿಕೊಳ್ಳುತ್ತದೆ. ಹಿಡಿತ ತಪ್ಪಿದಾಗ ಚಿಮ್ಮುತ್ತದೆ, ಮತ್ತೆ ಹಿಡಿಯುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಈ ಹಿಡಿ-ಬಿಡು ಹೆಚ್ಚುತ್ತದೆ. ಕಾಲು ಎತ್ತಿದರೆ ನಿಲ್ಲುತ್ತದೆ.

ಹತ್ತುವಾಗಲೇ ಏಕೆ? ಇಲ್ಲಿ ತಾತಂದಿರು ಹೇಳಬೇಕು. ನನ್ನ ಅಪ್ಪ ಗುಂಡ್ಲುಪೇಟೆ ಸಂತೆಗೆ ಗಾಡಿ ಕಟ್ಟುತ್ತಿದ್ದಾಗ ದಿಣ್ಣೆ ಬಂತೆಂದರೆ ಮೂಟೆಗಳನ್ನು ಮುಂದಕ್ಕೆ ಸರಿಸಿ, ತಾವೂ ಮೂಕಿಯ ಹತ್ತಿರ ಕೂರುತ್ತಿದ್ದರು. ಹಾಗೆ ಮಾಡದಿದ್ದರೆ ಗಾಡಿ ಹಿಂಭಾರವಾಗಿ, ನೊಗ ಮೇಲೆದ್ದು, ಎತ್ತಿನ ಕೊರಳ ಹಗ್ಗ ಬಿಗಿಯುತ್ತಿತ್ತು. ಮುಂದಿನ ಚಕ್ರ ಎಳೆಯುವ ಕಾರೂ ಎತ್ತಿನ ಗಾಡಿಯ ಹಾಗೆಯೇ. ಏರಿನಲ್ಲಿ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರದ ಹಿಡಿತ ಕಡಿಮೆಯಾಗುತ್ತದೆ. ನಾನಂತೂ ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಡಿಕ್ಕಿ ತುಂಬ ಚೀಲ ತುಂಬಿದ್ದೆ.

ಹಿಂದೆ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದ ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಎಂಜಿನ್ನು ಮುಂದೆ, ಓಡಿಸುವ ಚಕ್ರ ಹಿಂದೆ. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಅದರ ಮಾಲೀಕರ ಕೈಸೇರಿತು. ಮುಂದಿನ ಚಕ್ರ ಎಳೆಯುವ ಕಾರು ನಮ್ಮ ದೇಶದ ಸಾಮಾನ್ಯ ಮನೆಗಳಿಗೆ ಬಂದದ್ದು ಅದರಿಂದಲೇ. ಅದರ ಎಂಜಿನ್ನು 796 ಸಿಸಿ, ಮೂರು ಸಿಲಿಂಡರಿನದು.

“ಈ ರಬ್ಬರಿನ ಗೋಜೇ ಬೇಡ, ಕಬ್ಬಿಣದ ಪಟ್ಟಿ ಹಾಕಿ ಬಿಗಿದುಬಿಡಪ್ಪ” ಎಂದೆ ಮೆಕ್ಯಾನಿಕ್‌ಗೆ.

“ಹಂಗ್ ಮಾಡಿದ್ರೆ ಎಂಜಿನ್ ಅದ್ರೋದೆಲ್ಲಾ ನಿಮ್ ಹಲ್ಲಿಗ್ ಬತ್ತದೆ ಸಾ” ಎಂದು ನಕ್ಕ.

ನಿಜ. ರೇಸ್ ಕಾರಿನವರು ಗಟ್ಟಿ ಮೌಂಟಿಂಗ್ ಹಾಕಿಸಿ ಆ ನಡುಕ ಸಹಿಸಿಕೊಳ್ಳುತ್ತಾರೆ. ಮನೆಯ ಕಾರಿಗೆ ಮೆತ್ತಗಿರುವ, ಆದರೆ ಹರಿಯದ ರಬ್ಬರೇ ಸರಿ. ಅಮೆರಿಕದ ಕ್ರೈಸ್ಲರ್ ಕಂಪನಿ 1931ರಲ್ಲೇ ಎಂಜಿನ್ನನ್ನು ರಬ್ಬರಿನ ಮೇಲೆ ಕೂರಿಸಿ, ‘ತೇಲುವ ಶಕ್ತಿ’ ಎಂಬ ಅರ್ಥದ ಹೆಸರಿಟ್ಟು ಕಾರು ಮಾರಿತ್ತು.

ಹರಿದ ಎರಡು ಮೌಂಟಿಂಗ್, ಚಕ್ರವನ್ನು ಹಿಡಿಯುವ ತೋಳಿನ ಸವೆದ ಬುಷ್, ನುಣುಪಾಗಿದ್ದ ಮುಂದಿನ ಟೈರುಗಳು, ಇಷ್ಟನ್ನು ಬದಲಿಸಿದೆವು. ಕಾರಿನ ಮೂಲೆಯನ್ನು ಕೆಳಕ್ಕೆ ಒತ್ತಿ ಬಿಟ್ಟಾಗ ಅದು ಒಮ್ಮೆ ಎದ್ದು ಸುಮ್ಮನಾಯಿತು. ಅಲ್ಲಿಗೆ ಶಾಕ್ ಅಬ್ಸಾರ್ಬರ್ ಚೆನ್ನಾಗಿದೆ ಎಂದಾಯಿತು.

ಮೊನ್ನೆ ಅದೇ ಘಾಟಿ ಹತ್ತಿದೆವು. ಚೀಲ ಕಡಿಮೆ, ಇದ್ದ ಒಂದು ಭಾರದ ಚೀಲವೂ ಮುಂದೆ, ಹೆಂಡತಿಯ ಕಾಲ ಬಳಿ. ರೇಡಿಯೋ ಹಾಕಲಿಲ್ಲ. ಮೊಮ್ಮಗಳು ತಿರುವು ಎಣಿಸುತ್ತಾ ಬಂದಳು. ಇಪ್ಪತ್ತೇಳಕ್ಕೆ ಬರುವ ಹೊತ್ತಿಗೆ ಅವಳಿಗೆ ತೂಕಡಿಕೆ.

ಈ ವಾರ ಒಂದು ಕೆಲಸ ಮಾಡಿ. ಮಿಕ್ಸಿಯ ಪ್ಲಗ್ ತೆಗೆದು, ಅದನ್ನು ಮಗುಚಿ, ರಬ್ಬರಿನ ಕಾಲು ಎಷ್ಟಿವೆ ಎಣಿಸಿ. ಒಂದು ಕಡಿಮೆ ಇದ್ದರೆ ಅಜ್ಜಿಗೆ ಹೇಳಿ. ಅವರು ಹೇಳಿದ್ದಕ್ಕೆ ಮಾತ್ರ ನನ್ನಂತೆ ನಗಬೇಡಿ.