ಪಾಲಾದ ನೆಲ, ಪಾಲಾಗದ ಜನ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ಭೂಭಾಗವು ಪ್ರಕೃತಿಯಿಂದ ಒಂದೇ ನಾಡು. ಅದೇ ಎರೆಮಣ್ಣು, ಅದೇ ನುಡಿ, ಅದೇ ಜಾತ್ರೆ, ಅದೇ ಸಂತೆ. ಮಹಾಕವಿ ರನ್ನನು ಹುಟ್ಟಿದ ಮುದುವೊಳಲು, ಇಂದಿನ ಮುಧೋಳವೂ, ಇಲ್ಲಿಯದೇ. ಆದರೂ 1948ರ ಮಾರ್ಚ್‌ವರೆಗೆ ಈ ಕಿರಿದಾದ ನಾಡಿನಲ್ಲಿ ನಾಲ್ಕು ಆಡಳಿತಗಳಿದ್ದವು. ಜಮಖಂಡಿ ಮತ್ತು ಬನಹಟ್ಟಿ ಪಟವರ್ಧನರ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದವು, ಬನಹಟ್ಟಿಗೆ ಅಂಟಿಕೊಂಡಂತಿರುವ ರಬಕವಿ ಸಾಂಗಲಿ ಸಂಸ್ಥಾನದ ಊರು, ಮುಧೋಳ ಘೋರ್ಪಡೆಯವರದು, ಬೀಳಗಿ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯದು. ನೆರೆಹೊರೆಯ ಊರುಗಳು ಹೀಗೆ ಬೇರೆಬೇರೆ ರಾಜ್ಯಗಳಾದುದೇಕೆ?

ಜನರು ಬಯಸಿದ್ದರಿಂದ ಅಲ್ಲವೆಂಬುದು ಇತಿಹಾಸದ ಸ್ಪಷ್ಟ ಉತ್ತರ. ಮುಧೋಳದ ಘೋರ್ಪಡೆ ಮನೆತನವು ಆದಿಲಶಾಹಿ ಕಾಲದಿಂದಲೂ ಪ್ರಬಲವಾಗಿದ್ದುದು. ಪಟವರ್ಧನರಾದರೋ ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಪೇಶ್ವೆಯವರಿಂದ, ಕುದುರೆದಂಡನ್ನು ಸಾಕುವ ಕರಾರಿನ ಮೇಲೆ, ಜಹಗೀರು ಪಡೆದವರು. ಆ ಜಹಗೀರು ಮುಂದೆ ಅಣ್ಣತಮ್ಮಂದಿರ ಆಸ್ತಿಯಂತೆ ಪಾಲಾಯಿತು. 1801ರಲ್ಲಿ ಮಿರಜದಿಂದ ಸಾಂಗಲಿ ಬೇರೆಯಾಯಿತು. 1811ರಲ್ಲಿ ಜಮಖಂಡಿ ಪ್ರತ್ಯೇಕ ಸಂಸ್ಥಾನವಾಯಿತು. 1818ರಲ್ಲಿ ಪೇಶ್ವೆ ರಾಜ್ಯ ಅಳಿದಾಗ, ತಮಗೆ ಶರಣಾದ ಮನೆತನಗಳನ್ನು ಬ್ರಿಟಿಷರು ಹಾಗೆಯೇ ಉಳಿಸಿದರು. ಮನೆಯೊಳಗಿನ ಪಾಲು ಹೀಗೆ ರಾಜ್ಯದ ಗಡಿಯಾಗಿ ಗಟ್ಟಿಗೊಂಡಿತು.

ಈ ಪಾಲಿನ ವೈಚಿತ್ರ್ಯಕ್ಕೆ ನಿದರ್ಶನಗಳು ಬೇಕಾದಷ್ಟಿವೆ. ಹುಬ್ಬಳ್ಳಿಯಾಚೆಯ ಕುಂದಗೋಳ ಜಮಖಂಡಿ ಸಂಸ್ಥಾನದ್ದಾಗಿತ್ತು. ಮಗ್ಗುಲಿನ ರಬಕವಿ ಆಗಿರಲಿಲ್ಲ. ದೂರದ ಶಿರಹಟ್ಟಿ ಸಾಂಗಲಿಯದಾಗಿತ್ತು. ರಬಕವಿ ಮತ್ತು ಬನಹಟ್ಟಿಯ ನೇಕಾರರ ಮಗ್ಗದ ಸದ್ದು ಒಂದೇ ಆದರೂ ಅವರ ದೊರೆಗಳು ಬೇರೆ. ಸಂಸ್ಥಾನದ ಗಡಿಯು ಪ್ರಜೆಗೆ ರಕ್ಷೆಯೂ ಆಗಲಿಲ್ಲ. 1857ರಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದಾಗ, ಬ್ರಿಟಿಷ್ ಸೈನ್ಯ ಬಂದು ಊರನ್ನು ಸುಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿತು.

ಸಂಸ್ಥಾನಗಳ ಕಾಲವೆಲ್ಲ ಕತ್ತಲೆಯೆಂದು ಹೇಳುವುದು ಮಾತ್ರ ನ್ಯಾಯವಲ್ಲ. ಜಮಖಂಡಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ ಗುರುದೇವ ರಾನಡೆಯವರು ಕಲಿತರು. ಸಾವಳಗಿಯ ಬಿ. ಡಿ. ಜತ್ತಿಯವರು ಜಮಖಂಡಿ ಸಂಸ್ಥಾನದ ಮಂತ್ರಿಯಾಗಿ ಆಡಳಿತ ಕಲಿತು, 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು, 1974ರಲ್ಲಿ ಉಪರಾಷ್ಟ್ರಪತಿಗಳಾದರು. 

1948ರ ಮಾರ್ಚ್ 8ರಂದು ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರ ನವೆಂಬರ್ 1ರಂದು ಈ ನಾಡು ಕನ್ನಡಿಗರ ರಾಜ್ಯವನ್ನು ಸೇರಿತು. 1997ರಿಂದ ಬಾಗಲಕೋಟೆ ಜಿಲ್ಲೆಯಲ್ಲಿದೆ. ರಬಕವಿ-ಬನಹಟ್ಟಿ ಇಂದು ಒಂದೇ ಹೆಸರಿನ ಒಂದೇ ಪಟ್ಟಣ. ಒಂದೂವರೆ ಶತಮಾನದ ಗಡಿ ಅಳಿದಾಗ ಜನರು ಅದಕ್ಕಾಗಿ ಶೋಕಿಸಲಿಲ್ಲ. ಏಕೆಂದರೆ ಆ ಗಡಿ ಅವರ ಬಾಳಿನಲ್ಲಿ ಬೇರುಬಿಟ್ಟಿರಲೇ ಇಲ್ಲ. ಆದರೆ ಭಾಷೆಯ ಗಡಿಯೂ ಎಲ್ಲೆಡೆ ನೇರವಾಗಿ ಬೀಳಲಿಲ್ಲ. ಕನ್ನಡ ನುಡಿಯುವ ಹಳ್ಳಿಗಳುಳ್ಳ ಜತ್ತ ತಾಲೂಕು ಮಹಾರಾಷ್ಟ್ರದಲ್ಲಿಯೇ ಉಳಿದಿದೆ. ಅಧಿಕಾರಿಗಳಾಗಲಿ ಜನಪ್ರತಿನಿಧಿಗಳಾಗಲಿ ತಾಲೂಕಿನ ಒಂದು ಎಲ್ಲೆಯನ್ನು ಎಳೆಯುವಾಗಲೂ ಜನರ ಸಂತೆ, ಶಾಲೆ, ನೀರು, ದಾರಿಗಳನ್ನು ಮೊದಲು ನೋಡಬೇಕೆಂಬುದೇ ಇದರ ಪಾಠ.

ಈ ಪಾಠವನ್ನು ಮಕ್ಕಳಿಗೆ ಮುಟ್ಟಿಸಬೇಕಾದವರು ಶಿಕ್ಷಕರು. ದೂರದ ಸಾಮ್ರಾಜ್ಯಗಳ ಇಸವಿಗಳನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ತನ್ನ ಅಜ್ಜನು ಯಾವ ಸಂಸ್ಥಾನದ ಪ್ರಜೆಯಾಗಿದ್ದನೆಂಬುದು ತಿಳಿಯದಿರುವುದು ವಿಷಾದಕರ. ಮರಾಠಾ ಆಡಳಿತದ ಹಳೆಯ ಕಾಗದಪತ್ರಗಳು ಬಹುಪಾಲು ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲವರು ವರ್ಷವರ್ಷಕ್ಕೂ ವಿರಳರಾಗುತ್ತಿದ್ದಾರೆ. ಮಹಾರಾಷ್ಟ್ರದಲ್ಲಿ ಮೋಡಿಯನ್ನು ಕಲಿಸುವ ತರಗತಿಗಳು ನಡೆಯುತ್ತವೆ. ಈ ಭಾಗದ ವಿದ್ಯಾಸಂಸ್ಥೆಗಳೂ ನಾಲ್ಕಾರು ತರುಣರಿಗೆ ಆ ಲಿಪಿಯನ್ನು ಕಲಿಸಿ, ವಾಡೆಗಳಲ್ಲಿ, ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಉಳಿದಿರುವ ಕಾಗದಗಳನ್ನು ಕನ್ನಡಕ್ಕೆ ತರಿಸಬೇಕು. ದಾನಿಗಳ ಔದಾರ್ಯಕ್ಕೆ ಇದಕ್ಕಿಂತ ಯೋಗ್ಯವಾದ ಕಾರ್ಯಗಳು ಕೆಲವೇ. ಪಾಲಾದ ನೆಲವು ಒಂದಾಗಿದೆ. ಆದರೆ ಅದು ಪಾಲಾದ ಕಥೆಯನ್ನು ಹೇಳುವ ಕಾಗದಗಳು ಗೆದ್ದಲಿನ ಪಾಲಾಗಬಾರದು.