ಹೊಸ ಮನೆಯೂ ಹೊಸ ಮಣ್ಣೂ



ಮನೆ ಬದಲಾಯಿಸುವುದೆಂದರೆ ಪಾತ್ರೆ ಪದಾರ್ಥಗಳನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸುವುದಷ್ಟೇ ಎಂದು ಭಾವಿಸುವವರುಂಟು. ಪಾತ್ರೆಗಳೇನೋ ಎರಡು ದಿನಗಳಲ್ಲಿ ತಮ್ಮ ತಮ್ಮ ಸ್ಥಾನವನ್ನು ಸೇರುವುವು. ಮನುಷ್ಯರಿಗೂ ಗಿಡಗಳಿಗೂ ಹೊಸ ಸ್ಥಳವು ಅಷ್ಟು ಬೇಗ ಒಗ್ಗುವುದಿಲ್ಲ. ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯೊಂದನ್ನು ಈ ತಿಂಗಳು ತಮ್ಮ ಮುಂದಿಡುವೆನು. ಪರಸ್ಥಳಕ್ಕೆ ಹೋಗಿ ಹಿತ್ತಿಲು ಮಾಡಬೇಕೆಂದಿರುವವರಿಗೆ ಅದರಿಂದ ಸ್ವಲ್ಪವಾದರೂ ಪ್ರಯೋಜನವಾದೀತು.

2018ನೆಯ ಇಸವಿಯ ಮೇ ತಿಂಗಳಿನಲ್ಲಿ ನಮ್ಮ ಯಜಮಾನರಿಗೆ ವಿಜಯಪುರಕ್ಕೆ ವರ್ಗವಾಯಿತು. ಸಾಗರದ ಸೀಮೆಯಲ್ಲಿ ಹುಟ್ಟಿ, ಅಲ್ಲಿಯೇ 68 ವರ್ಷಗಳನ್ನು ಕಳೆದ ನಮ್ಮ ಅತ್ತೆಯವರೂ ನಮ್ಮೊಡನೆ ಹೊರಟರು. ಮಾವನವರು ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ಅತ್ತೆಯವರಿಗೆ ರಕ್ತದ ಒತ್ತಡದ ತೊಂದರೆ. ಹಿಂದಿನ ಮಳೆಗಾಲದಲ್ಲಿ ಒಮ್ಮೆ ಬಚ್ಚಲ ಮನೆಯಲ್ಲಿ ತಲೆ ಸುತ್ತಿ ಬಿದ್ದವರನ್ನು ಯಾರೂ ಬಹಳ ಹೊತ್ತಿನವರೆಗೆ ನೋಡಿರಲಿಲ್ಲ. ಅಂತಹವರನ್ನು ಒಂಟಿಯಾಗಿ ಬಿಡುವುದೆಂತು? ಅವರು ಮರುಮಾತನಾಡದೆ ಹಳೆಯ ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಸೀರೆಯ ಪೆಟ್ಟಿಗೆಗಿಂತಲೂ ಹೆಚ್ಚಿನ ಜೋಪಾನದಿಂದ ಅವರು ತಂದುದು ಒಂದು ಬುಟ್ಟಿ. ಅದರಲ್ಲಿ ಡೇರೆ ಹೂವಿನ ಗೆಡ್ಡೆಗಳು, ಎರಡು ಅಡಿಕೆ ಸಸಿಗಳು, ಕಾಳುಮೆಣಸಿನ ಬಳ್ಳಿ, ಬಸಳೆಯ ಕಡ್ಡಿಗಳು ಇದ್ದುವು.

ಜೂನ್ ತಿಂಗಳಲ್ಲಿ ಒಂದು ದೊಡ್ಡ ಮಳೆ ಬಂದಿತು. ಮಲೆನಾಡಿನಲ್ಲಿ ಮೊದಲ ಮಳೆ ಬಿತ್ತೆಂದರೆ ಗಿಡ ನೆಡುವ ಸಂಭ್ರಮ. ಮರುದಿನವೇ ಅತ್ತೆಯವರೂ ನಾನೂ ಹಿತ್ತಿಲಿಗೆ ಇಳಿದು, ಜಿಗುಟಾದ ಕಪ್ಪು ಮಣ್ಣನ್ನು ತುಳಿದು ಗುಂಡಿ ತೋಡಿ, ತಂದುದೆಲ್ಲವನ್ನೂ ನೆಟ್ಟೆವು. ಬಸಳೆಯ ಎರಡು ಕಡ್ಡಿಗಳು ಮಾತ್ರ ಮಿಕ್ಕವು. ಅವನ್ನು ಒಂದು ಒಡಕು ಕೊಡದಲ್ಲಿ ಸಗಣಿಗೊಬ್ಬರ ಬೆರೆಸಿದ ಮಣ್ಣು ತುಂಬಿ ಊರಿದೆವು.

ಮೂರು ವಾರಗಳಲ್ಲಿ ಡೇರೆಯ ಗೆಡ್ಡೆಗಳು ನಿಂತ ನೀರಿನಲ್ಲಿ ಕೊಳೆತುವು. ಆಮೇಲೆ ಮಳೆ ನಿಂತು ಗಾಳಿ ಬೀಸತೊಡಗಿತು. ನಾವು ತುಳಿದ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿ ಬಿರಿಯಿತು. ಮೆಣಸಿನ ಬಳ್ಳಿ ಒಣಗಿತು. ಅಡಿಕೆ ಸಸಿಗಳ ಎಳೆಯ ಗರಿಗಳು, ನರಗಳಷ್ಟೇ ಹಸುರಾಗಿ ಉಳಿದು, ಹಳದಿಯಾಗಿ ಬಿಳಿಚಿಕೊಂಡುವು. ಅತ್ತೆಯವರು ದಿನವೂ ಬೆಳಗ್ಗೆ ಅವುಗಳ ಮುಂದೆ ನಿಂತು ನೋಡಿ ಒಳಗೆ ಬರುವರು. ಊಟ ಕಡಮೆಯಾಯಿತು, ಮಾತು ಇನ್ನೂ ಕಡಮೆಯಾಯಿತು. ಕೊನೆಗೊಂದು ದಿನ, “ಈ ಮಣ್ಣಿಗೆ ನಾನು ಬೇಡ ಕಣೇ. ದೀಪಾವಳಿಗೆ ಊರಿಗೆ ಹೋದವಳು ಅಲ್ಲಿಯೇ ಇದ್ದುಬಿಡುತ್ತೇನೆ” ಎಂದರು. ಆ ಮಾತನ್ನು ಕೇಳಿ ನನಗೆ ದಿಗಿಲಾಯಿತು.

ನಮ್ಮ ಪುಣ್ಯಕ್ಕೆ ನೆರೆಮನೆಯಲ್ಲಿ ಅತ್ತೆಯವರ ವಯಸ್ಸಿನವರೇ ಆದ ಒಬ್ಬ ಗೃಹಿಣಿ ಇದ್ದರು. ಒಕ್ಕಲುತನದ ಮನೆಯಲ್ಲಿ ಬೆಳೆದವರು. ಒಂದು ಸಂಜೆ ಬೇಲಿಯಾಚೆಯಿಂದ ಇವರ ಮುಖವನ್ನು ನೋಡಿ, “ಅಕ್ಕಾರ, ಇದು ಎರಿ ಮಣ್ಣ ಐತ್ರಿ. ಹಸಿ ಇದ್ದಾಗ ಕಾಲ ಇಡಬಾರದು, ಒಣಗಿದಾಗ ಗುದ್ದಲಿ ಇಡಬಾರದು. ನಡುವ ನಾಕ ದಿನ ಹದ ಬರತೈತಿ, ಅದನ್ನ ಕಾಯಬೇಕ್ರಿ” ಎಂದರು. ಅತ್ತೆಯವರು ಬಹು ದಿನಗಳ ಮೇಲೆ ಒಂದು ಪ್ರಶ್ನೆಯನ್ನು ಕೇಳಿದರು: “ಹದ ಬಂತೆಂದು ಹೇಗೆ ತಿಳಿಯುವುದು?” ಆಕೆ ಒಂದು ಹಿಡಿ ಮಣ್ಣನ್ನು ಕೈಯಲ್ಲಿ ಅದುಮಿ ತೋರಿಸಿದರು. ಅಂಗೈಗೆ ಮೆತ್ತಿಕೊಂಡರೆ ಇನ್ನೂ ಹಸಿ. ಉಂಡೆಯಾಗಿ ನಿಂತು ಬೆರಳು ತಾಗಿದೊಡನೆ ಉದುರಿದರೆ ಹದ. ಅಂದಿನಿಂದ ನಮ್ಮ ಪಾಠವು ಮೊದಲಾಯಿತು.

ನಮ್ಮ ತಪ್ಪೇನೆಂಬುದು ಆಮೇಲೆ ತಿಳಿಯಿತು. ಸಾಗರದ ಕಡೆ ಮಳೆ ವರ್ಷಕ್ಕೆ 2000 ಮಿಲಿಮೀಟರಿನ ಆಸುಪಾಸು; ವಿಜಯಪುರದಲ್ಲಿ ಸುಮಾರು 600. ಅಲ್ಲಿಯ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ ಗುಣದ್ದು, ನೀರು ಬೇಗ ಇಂಗುವುದು. ಇಲ್ಲಿಯ ಎರೆ ಮಣ್ಣು ಕ್ಷಾರ ಗುಣದ್ದು. ನೆನೆದರೆ ಉಬ್ಬುವುದು, ಒಣಗಿದರೆ ಕುಗ್ಗಿ ಬಿರಿಯುವುದು. ಇದರಲ್ಲಿ ಸುಣ್ಣದ ಅಂಶ ಹೆಚ್ಚಾದುದರಿಂದ ಕಬ್ಬಿಣದ ಅಂಶವಿದ್ದರೂ ಅನೇಕ ಗಿಡಗಳ ಬೇರಿಗೆ ಅದು ದಕ್ಕದು. ಅಡಿಕೆಯ ಗರಿ ಬಿಳಿಚಿದುದಕ್ಕೆ ಇದೇ ಕಾರಣವಾಗಿತ್ತು. ಮಣ್ಣು ಕೆಟ್ಟದ್ದಲ್ಲ, ಜೋಳ, ಕಡಲೆ, ಕುಸುಬೆಗಳು ಇದರ ತೇವವನ್ನೇ ನಂಬಿ ಹಿಂಗಾರಿನಲ್ಲಿ ಬೆಳೆಯುವುವು. ಅದರ ಸ್ವಭಾವವನ್ನು ವಿಚಾರಿಸದೆ ನಮ್ಮ ಊರಿನ ಪದ್ಧತಿಯನ್ನು ಅದರ ಮೇಲೆ ಹೇರಿದವರು ನಾವು.

ಆದುದರಿಂದ ಹೊಸ ಮನೆಗೆ ಹೋದವರು ಮೊದಲು ಮಾಡತಕ್ಕ ಕೆಲಸ ನೆಡುವುದಲ್ಲ, ನೋಡುವುದು. ಬಿಸಿಲು ಯಾವ ಮೂಲೆಗೆ ಎಷ್ಟು ಹೊತ್ತು ಬೀಳುವುದೆಂದು ಗುರುತಿಸಿಕೊಳ್ಳಿರಿ. ಆಷಾಢದ ನೆರಳು ಪುಷ್ಯದಲ್ಲಿ ಅದೇ ಸ್ಥಳದಲ್ಲಿರದು. ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿ, ಇಂಗಲು ಎಷ್ಟು ಹೊತ್ತಾಗುವುದೆಂದು ಪರೀಕ್ಷಿಸಿರಿ. ಮನೆ ಹೊಸದಾಗಿ ಕಟ್ಟಿದ್ದಾದರೆ ಸಿಮೆಂಟು, ಗಾರೆ, ಇಟ್ಟಿಗೆಯ ಚೂರುಗಳನ್ನು ಆರಿಸಿ ತೆಗೆಯಿರಿ. ಅವು ಮಣ್ಣಿನ ಕ್ಷಾರವನ್ನು ಇನ್ನಷ್ಟು ಹೆಚ್ಚಿಸುವುವು. ಹಿತ್ತಿಲಿನ ನಾಲ್ಕೈದು ಕಡೆ ಆರು ಅಂಗುಲ ಆಳದಿಂದ ಮಣ್ಣು ತೆಗೆದು, ನೆರಳಿನಲ್ಲಿ ಒಣಗಿಸಿ ಬೆರೆಸಿ, ಅರ್ಧ ಕಿಲೋದಷ್ಟನ್ನು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಟ್ಟರೆ ಅದರ ಗುಣದೋಷಗಳು ತಿಳಿಯುವುವು.

ಎರೆ ಮಣ್ಣಿನಲ್ಲಿ ಪಾತಿಗಳನ್ನು ನೆಲದಿಂದ ಆರು ಅಂಗುಲವಾದರೂ ಎತ್ತರಿಸಿ, ಚೆನ್ನಾಗಿ ಕಳಿತ ಗೊಬ್ಬರವನ್ನು ಧಾರಾಳವಾಗಿ ಬೆರೆಸಬೇಕು. ಅಗಲವು ನಾಲ್ಕು ಅಡಿಯನ್ನು ಮೀರದಿದ್ದರೆ ಎರಡು ಕಡೆಯಿಂದಲೂ ಕೈಗೆಟಕುವುದು. ಪಾತಿಯನ್ನು ತುಳಿಯುವ ಪ್ರಮೇಯವೇ ಬಾರದು. ಗೋಡೆಯ ಬುಡಕ್ಕೆ ನೀರು ಹಾಯಿಸಬಾರದು. ಅಲ್ಲಿಯ ಮಣ್ಣು ಉಬ್ಬಿ ಕುಗ್ಗುವುದರಿಂದ ತಳಪಾಯಕ್ಕೆ ಅಪಾಯವುಂಟು. ಕೊಳವೆ ಬಾವಿಯ ನೀರು ಸವಳಾಗಿದ್ದರೆ ಮಳೆಯ ನೀರನ್ನು ಹಿಡಿದಿಡುವುದು ಲೇಸು. ಸಾವಿರ ಚದರಡಿ ಮಾಳಿಗೆಯ ಮೇಲೆ 10 ಮಿಲಿಮೀಟರು ಮಳೆ ಬಿದ್ದರೆ ಸುಮಾರು 900 ಲೀಟರು ನೀರಾಗುವುದು. ಈ ಊರಿನವರಿಗೆ ನೀರಿನ ಬೆಲೆ ಹೊಸದೇನಲ್ಲ. ಬೇಗಂ ತಲಾಬನ್ನು 1651ರಲ್ಲಿಯೇ ಕಟ್ಟಿ ಊರಿಗೆ ನೀರು ತರಿಸಿದ್ದರು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನೂ ನಾವು ಗಿಡಗಳಿಗೇ ಹಾಕುವೆವು. ಸಾಬೂನಿನ ನೀರನ್ನು ಮಾತ್ರ ದೂರವಿಡುವೆವು.

ಶ್ರಾವಣದಲ್ಲಿ, ಹದ ನೋಡಿ, ಅತ್ತೆಯವರೇ ಎರಡು ಪಾತಿಗಳನ್ನು ಮಾಡಿಸಿದರು. ನೆರೆಮನೆಯಾಕೆ ಮೆಂತ್ಯ, ರಾಜಗಿರಿ, ಪುಂಡಿಪಲ್ಲೆಯ ಬೀಜಗಳನ್ನು ಕೊಟ್ಟರು. ನುಗ್ಗೆಯ ಕೊಂಬೆಯೊಂದನ್ನು ನೆಡಿಸಿದರು. ನಾಲ್ಕು ವಾರಗಳೊಳಗೆ ಮೆಂತ್ಯದ ಸೊಪ್ಪು ಅಡಿಗೆಗೆ ಬಂದಿತು. ಒಡಕು ಕೊಡದ ಬಸಳೆಯಂತೂ, ನಾವು ಮರೆತೇಬಿಟ್ಟಿದ್ದರೂ, ಕಿಟಕಿಯ ಸರಳಿಗೆ ಹಬ್ಬಿತ್ತು. ಬಸಳೆಯ ಹುಳಿ ಬೇಲಿಯಾಚೆಗೆ ಹೋಯಿತು. ಪುಂಡಿಪಲ್ಲೆಯೂ ಜೋಳದ ರೊಟ್ಟಿಯೂ ಈಚೆಗೆ ಬಂದುವು. “ಹುಳಿ ಸ್ವಲ್ಪ ಹೆಚ್ಚು” ಎಂದು ಅತ್ತೆಯವರು ಪುಂಡಿಯನ್ನು ಆಕ್ಷೇಪಿಸುತ್ತಲೇ ಎರಡನೆಯ ರೊಟ್ಟಿಯನ್ನು ಹಾಕಿಸಿಕೊಂಡರು.

ದೀಪಾವಳಿಗೆ ಅವರು ಊರಿಗೆ ಹೋದರು. ನಾವು ಬೇಡವೆನ್ನಲಿಲ್ಲ. ಹೊರಡುವಾಗ ನೆರೆಮನೆಯಾಕೆಗೆ, “ನಮ್ಮ ಪಾತಿಗೆ ನೀರು ಹೆಚ್ಚು ಹಾಕಬೇಡಿ” ಎಂದು ಹೇಳಿದುದನ್ನು ಕೇಳಿ ನನಗೆ ಅರ್ಧ ಧೈರ್ಯ ಬಂದಿತು. ಹದಿನೈದನೆಯ ದಿನ ಅದೇ ಬುಟ್ಟಿಯೊಡನೆ ಅವರು ಹಿಂತಿರುಗಿದರು. ಈ ಬಾರಿ ಅದರಲ್ಲಿ ಸಸಿಗಳಿರಲಿಲ್ಲ. ಬೇಲಿಯಾಚೆಯ ಮನೆಗೆಂದು ತಂದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯಿತ್ತು.

ಸೋದರಿಯರೇ, ಹಿರಿಯರು ಹಳೆಯ ಊರಿನಿಂದ ಗಿಡ ತಂದರೆ ನಗಬೇಡಿರಿ. ಅದಕ್ಕೊಂದು ಕುಂಡವನ್ನು ಕೊಡಿರಿ. ನೆಲವನ್ನು ಮಾತ್ರ ಆ ನೆಲದ ಗಿಡಗಳಿಗೆ ಬಿಡಿರಿ. ಹಳೆಯ ಮನೆಯ ಬೀಗದ ಕೈ ಇಂದಿಗೂ ನಮ್ಮ ಅತ್ತೆಯವರ ಸೆರಗಿನಲ್ಲಿಯೇ ಇದೆ. ಅದನ್ನು ಬಿಚ್ಚಿಡಿರೆಂದು ನಾವು ಯಾರೂ ಹೇಳಿಲ್ಲ.