ಬೀಗದ ಕೈ ಯಾರಲ್ಲಿ?

ವಂಚನೆಗಾಗಿ ಶಿಕ್ಷೆ ಹೊಂದಿದವನು ಮುಖ್ಯಸ್ಥನಾಗಿರುವ ಕಂಪನಿಯನ್ನು ನಂಬಬಹುದೆ? ಬಿದ್ದವನು ಏಳಲೇಬಾರದೆಂಬುದು ಧರ್ಮವಲ್ಲ, ನಿಜ. ಆದರೆ ಕ್ಷಮೆ ಬೇರೆ, ನಂಬಿಕೆ ಬೇರೆ. ಕ್ಷಮೆ ಮನಸ್ಸಿನ ಔದಾರ್ಯ. ನಂಬಿಕೆಯಾದರೋ ಪರರ ದುಡ್ಡಿನ ಹೊಣೆ.

ಹೈದರಾಬಾದಿನ ಸತ್ಯಂ ಕಂಪನಿಯ ಕಥೆಯನ್ನೇ ನೋಡಿ. 2008ರಲ್ಲಿ ಅದಕ್ಕೆ ಉತ್ತಮ ಆಡಳಿತದ ಪ್ರಶಸ್ತಿ ಸಂದಿತ್ತು. ಲೆಕ್ಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ನಗದು ಇಲ್ಲವೇ ಇಲ್ಲವೆಂದು 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗರಾಜು ಅವರೇ ಬರೆದುಕೊಟ್ಟರು. 2015ರಲ್ಲಿ ವಿಶೇಷ ನ್ಯಾಯಾಲಯ ಅವರಿಗೆ 7 ವರ್ಷಗಳ ಸಜೆ ವಿಧಿಸಿತು. ಮೇಲ್ಮನವಿಯ ಮೇಲೆ ಆ ವರ್ಷವೇ ಅದು ಅಮಾನತಾಯಿತು. ಮೋಸ ನಡೆದಾಗ ಅವರ ಹೆಸರಿಗೆ ಕಲೆಯಿರಲಿಲ್ಲ; ನಿಷ್ಕಳಂಕವಾದ ಹೆಸರೂ ಕಾವಲಾಗಲಿಲ್ಲ.

ಹಾಗಾದರೆ ಶಿಕ್ಷೆಯ ಗುರುತಿಗೆ ಬೆಲೆಯಿಲ್ಲವೆ? ಉಂಟು. ಕಲೆಯಿಲ್ಲದವನ ಲೆಕ್ಕವನ್ನೇ ಪರೀಕ್ಷಿಸಬೇಕಾದರೆ, ಕಲೆಯುಳ್ಳವನದನ್ನು ಇಮ್ಮಡಿ ಪರೀಕ್ಷಿಸಬೇಡವೆ? 7 ವರ್ಷ ಅಥವಾ ಹೆಚ್ಚಿನ ಸಜೆಯಾದವನು ನಿರ್ದೇಶಕನಾಗಲಾರನೆಂದು 2013ರ ಕಂಪನಿ ಕಾಯಿದೆ ವಿಧಿಸುವುದೂ ಈ ವಿವೇಕದಿಂದಲೇ. ಸತ್ಯಂ ಉಳಿದುಕೊಂಡದ್ದು ಹೇಗೆ? 2009ರಲ್ಲೇ ಸರ್ಕಾರ ಹಳೆಯ ಆಡಳಿತ ಮಂಡಲಿಯನ್ನು ತೆಗೆದು ಹೊಸಬರನ್ನು ಕೂರಿಸಿತು; ಅನಂತರ ಟೆಕ್ ಮಹೀಂದ್ರ ಅದನ್ನು ಕೊಂಡಿತು. ನೌಕರರು ಅವರೇ, ಕೆಲಸವೂ ಅದೇ. ಬದಲಾದದ್ದು ಬೀಗದ ಕೈ.

ಬಿದ್ದವನಿಗೆ ಅನ್ನದ ದಾರಿ ತೆರೆದಿರಲಿ; ಬೊಕ್ಕಸದ ಬೀಗದ ಕೈ ಮಾತ್ರ ಬೇರೆಯವರಲ್ಲಿರಲಿ.